ಆರರಲ್ಲಿ ನಿಲ್ಲುವ ಮುಳ್ಳು

ನಮ್ಮ ಕಾರಿನಲ್ಲಿ ನನಗೊಂದು ಕೆಲಸವಿತ್ತು. ಭಾನುವಾರ ಬೆಳಗ್ಗೆ, ಗುರುಗ್ರಾಮದಿಂದ ಫರೀದಾಬಾದಿಗೆ ಹೋಗುವ ರಸ್ತೆಯಲ್ಲಿ ಲಾರಿಗಳಿಲ್ಲದ ಹೊತ್ತು ನೋಡಿ ನನ್ನ ಗಂಡ ಆಕ್ಸಿಲರೇಟರನ್ನು ಪೂರ್ತಿ ಒತ್ತುತ್ತಿದ್ದರು. ಪಕ್ಕದಲ್ಲಿ ಕೂತ ನಾನು ಡ್ಯಾಶ್‌ಬೋರ್ಡಿನ ಮೂಲೆಗೆ ಅಂಟಿಸಿದ್ದ ದುಂಡನೆಯ ಮೀಟರನ್ನು ನೋಡಿಕೊಂಡು ಗಟ್ಟಿಯಾಗಿ ಓದಬೇಕಿತ್ತು. "ಎರಡು... ಮೂರು... ನಾಲ್ಕೂವರೆ... ಐದು... ಆರು." ಆರು ಅಂದ ಕೂಡಲೇ ಅವರು ಕಾಲು ತೆಗೆಯುತ್ತಿದ್ದರು. ರಸ್ತೆ ನೋಡುವವರ ಕಣ್ಣು ಮೀಟರಿನ ಮೇಲಿರಬಾರದು ಅನ್ನುವುದು ಅವರ ವಾದ. ಮದುವೆಗೆ ಮುಂಚೆ ಯಾರಾದರೂ ನಿನಗೆ ಇಂಥದೊಂದು ನೌಕರಿ ಕಾದಿದೆ ಎಂದಿದ್ದರೆ ಹೆಣ್ಣು ನೋಡುವ ಶಾಸ್ತ್ರದಿಂದಲೇ ಎದ್ದು ಹೋಗುತ್ತಿದ್ದೆ.

ಅವರು ರಾಜಧಾನಿಯ ಹೌಜ್ ಖಾಸ್ ಕಡೆಯ ಒಂದು ಇಂಜಿನಿಯರಿಂಗ್ ಸಂಸ್ಥೆಯಲ್ಲಿ ಪಾಠ ಮಾಡುತ್ತಿದ್ದರು. ನಾನು ಕಾಲೇಜೊಂದರಲ್ಲಿ ಇತಿಹಾಸ ಹೇಳುತ್ತೇನೆ. ಕಾರು ಮಗಳು ಪ್ರೈಮರಿ ಶಾಲೆಯಲ್ಲಿದ್ದಾಗ ಕೊಂಡದ್ದು, ಎಲ್ಲರ ಮನೆಯಲ್ಲೂ ಇರುವಂಥ ಬಿಳಿ ಬಣ್ಣದ ಸಾದಾ ಕಾರು. ಅವರ ಜೊತೆಯವರೆಲ್ಲ ದೊಡ್ಡ ದೊಡ್ಡ ಗಾಡಿಗಳಿಗೆ ಬದಲಾಯಿಸಿಕೊಂಡ ಕಾಲದಲ್ಲಿ ಇವರು ಮಾಯಾಪುರಿಯ ಗುಜರಿ ಸಂತೆಗೆ ಹೋಗಿ, ಅಪಘಾತದಲ್ಲಿ ನುಜ್ಜುಗುಜ್ಜಾದ ಯಾವುದೋ ವಿದೇಶಿ ಕಾರಿನ ಸೂಪರ್‌ಚಾರ್ಜರನ್ನು ಪೇಪರಿನಲ್ಲಿ ಸುತ್ತಿ ಮನೆಗೆ ತಂದರು. ಊಟದ ಮೇಜಿನ ಮೇಲೆ ಇಡಬೇಡಿ ಅಂದೆ. ಅಲ್ಲೇ ಇಟ್ಟರು. ಅದನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವ ತನಕ ನಾವು ಮೂವರೂ ನೆಲದ ಮೇಲೆ ಕೂತು ಉಂಡೆವು. ಆಮೇಲೆ ಅದನ್ನು ಕಾರಿಗೆ ಕೂರಿಸಿದ್ದು, ಸಾರಿಗೆ ಕಚೇರಿಗಳಿಗೆ ಅಲೆದು ಅಲೆದು ಒಪ್ಪಿಗೆ ತಂದದ್ದು, ಎಲ್ಲದಕ್ಕೂ ಅವರ ಜೊತೆಗಿದ್ದವನು ಅವರ ವಿದ್ಯಾರ್ಥಿ, ವಿಜಯಪುರದ ಹುಡುಗ. ಓದು ಮುಗಿಸಿ, ನಾವಿದ್ದ ಗುರುಗ್ರಾಮದಲ್ಲೇ ಕೆಲಸಕ್ಕೆ ಸೇರಿದ್ದ. ರಂಜಾನ್ ಹಬ್ಬಕ್ಕೆ ನಮ್ಮ ಮನೆಗೆ ಡಬ್ಬಿ ತುಂಬ ಶಾವಿಗೆಯ ಸುರಕುಂಬಾ ತರುತ್ತಿದ್ದ, ಉಳಿದ ದಿನಗಳಲ್ಲಿ ನಮ್ಮ ಮನೆಯ ಡಬ್ಬಿಗಳನ್ನು ಖಾಲಿ ಮಾಡುತ್ತಿದ್ದ.

ಸೂಪರ್‌ಚಾರ್ಜರ್ ಅಂದರೆ ಇಂಜಿನ್ನಿಗೆ ಗಾಳಿ ತುರುಕುವ ಯಂತ್ರ. ಇಂಜಿನ್ ತಿರುಗಿದರೆ ಒಂದು ಬೆಲ್ಟು ತಿರುಗುತ್ತದೆ, ಆ ಬೆಲ್ಟು ಈ ಯಂತ್ರದ ಪುಲ್ಲಿಯನ್ನು ತಿರುಗಿಸುತ್ತದೆ, ಗಾಳಿ ಒಳಗೆ ನುಗ್ಗುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲು ಹೆಚ್ಚು ಉರಿಯುತ್ತದೆ, ಗಾಡಿ ಜೋರಾಗಿ ಓಡುತ್ತದೆ. ಹೀಗೆ ತುರುಕಿದ ಗಾಳಿಯ ಒತ್ತಡಕ್ಕೆ ಬೂಸ್ಟ್ ಎನ್ನುತ್ತಾರೆ. ಇಷ್ಟು ನನಗೆ ಮೊದಲ ಪಾಠದಲ್ಲೇ ಗೊತ್ತಾಯಿತು. ಗೊತ್ತಾಗದೆ ಉಳಿದದ್ದು ಆರರ ವಿಷಯ.

"ಬಂಕಲ್ಲಿ ಟೈರಿಗೆ ಮೂವತ್ತೆರಡು ಹಾಕು ಅಂತೀವಲ್ಲ, ಅದೇ ಅಳತೆ ಕಣೇ. ಇಲ್ಲಿ ಆರು" ಎಂದರು.

"ಬರೀ ಆರಾ? ಮನೆಯವರನ್ನೆಲ್ಲ ನೆಲದ ಮೇಲೆ ಕೂರಿಸಿ ಊಟ ಹಾಕಿಸಿದ್ದು ಆರಕ್ಕಾ?"

"ಆರೇ ಜಾಸ್ತಿ. ಈ ಇಂಜಿನ್ನು ಹುಟ್ಟಿದ್ದು ಸೊನ್ನೆಗೆ."

ಪುಲ್ಲಿಯನ್ನು ಚಿಕ್ಕದು ಮಾಡಿದರೆ ಯಂತ್ರ ಇನ್ನೂ ಜೋರಾಗಿ ತಿರುಗಿ ಬೂಸ್ಟು ಏಳು, ಎಂಟು, ಒಂಬತ್ತಕ್ಕೂ ಹೋಗುತ್ತದಂತೆ. ಮಗಳಿಗೆ ಅದೇ ಆಸೆ. ಅವಳು ಡ್ರೈವಿಂಗ್ ಕಲಿತ ದಿನದಿಂದ ಅಪ್ಪನ ಬೆನ್ನು ಹತ್ತಿದ್ದಳು. ಇವರು ಜಪ್ಪಯ್ಯ ಅನ್ನಲಿಲ್ಲ. ಗಾಳಿಯನ್ನು ಅದುಮಿದಷ್ಟೂ ಅದು ಕಾಯುತ್ತದೆ, ಕಾದ ಗಾಳಿ ಹೊತ್ತಿಗೆ ಮುಂಚೆಯೇ ಉರಿದು ಇಂಜಿನ್ನಿನೊಳಗೆ ಸಾಸಿವೆ ಸಿಡಿದ ಹಾಗೆ ಟಕಟಕ ಅನ್ನುತ್ತದೆ, ಅದನ್ನು ಕೇಳಿಯೂ ಕೇಳದವರ ಹಾಗೆ ಓಡಿಸಿದರೆ ಪಿಸ್ಟನ್ ತೂತಾಗುತ್ತದೆ. ಅದರಲ್ಲೂ ಇಲ್ಲಿಯ ಮೇ ತಿಂಗಳಲ್ಲಿ ಗಾಳಿಯೇ ಬೆಂಕಿ. ಈ ಇಂಜಿನ್ನಿಗೆ ಆರು ದಾಟಕೂಡದು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಒಮ್ಮೆ ಮಾತ್ರ ನಾನು ಅವರನ್ನು ಹಿಡಿದುಹಾಕಿದೆ ಅಂದುಕೊಂಡೆ. ಯಂತ್ರ ಕೂರಿಸಿದ ಹೊಸತರಲ್ಲಿ ಮುಳ್ಳು ಏಳರ ಹತ್ತಿರ ಹೋಗುತ್ತಿತ್ತು, ಅದು ಅವರಿಗೆ ಒಪ್ಪಿಗೆಯಿರಲಿಲ್ಲ. ಇಂಜಿನ್ನಿನ ತಲೆ ಬಿಚ್ಚಿಸಿ, ಗಾಳಿ ಹೋಗುವ ದಾರಿಯನ್ನೆಲ್ಲ ಉಜ್ಜಿಸಿ ನುಣುಪು ಮಾಡಿಸಿಕೊಂಡು ಬಂದ ಮೇಲೆ ನೋಡಿದರೆ ಆರು. "ಒಳ್ಳೇ ರಿಪೇರಿ, ಇದ್ದದ್ದೂ ಹೋಯ್ತು" ಎಂದೆ. ಅವರಿಗೆ ಬಹಳ ಖುಷಿಯಾಯಿತು, ತರಗತಿಯಲ್ಲಿ ಯಾರೋ ಸರಿಯಾದ ಜಾಗದಲ್ಲಿ ತಪ್ಪು ಮಾಡಿದ ಹಾಗೆ. ಮುಳ್ಳು ತೋರಿಸುವುದು ಇಂಜಿನ್ ನುಂಗಿದ ಗಾಳಿಯನ್ನಲ್ಲ, ನುಂಗಲಾರದೆ ಬಾಗಿಲಲ್ಲಿ ನಿಲ್ಲಿಸಿಕೊಂಡ ಗಾಳಿಯನ್ನು ಎಂದು ವಿವರಿಸಿದರು. ಈಗ ದಾರಿ ಸಲೀಸಾಗಿದೆ, ಒಳಗೆ ಹೆಚ್ಚು ಹೋಗುತ್ತಿದೆ, ಅದಕ್ಕೇ ಹೊರಗೆ ಒತ್ತಡ ಕಡಿಮೆ. ಗಾಡಿ ನಿಜಕ್ಕೂ ಮೊದಲಿಗಿಂತ ಚುರುಕಾಗಿತ್ತು. ಸೋತೆನೆಂದು ಒಪ್ಪಿಕೊಳ್ಳದೆ ಥರ್ಮಾಸಿನಿಂದ ಕಾಫಿ ಬಗ್ಗಿಸಿಕೊಟ್ಟೆ.

ಕಾರಿನ ಯಾವ ನಿರ್ಧಾರದಲ್ಲೂ ನನ್ನ ಮಾತು ನಡೆಯುತ್ತಿರಲಿಲ್ಲ, ಆಯುಧಪೂಜೆಯ ದಿನ ಬಿಟ್ಟು. ಆ ದಿನ ನಾನೇ ಯಜಮಾನಿ. ನನ್ನ ತಂದೆಯದು ದಾವಣಗೆರೆಯಲ್ಲಿ ಹಿಟ್ಟಿನ ಗಿರಣಿ. ಅಲ್ಲಿ ಮೊದಲ ಕುಂಕುಮ ಬೀಳುತ್ತಿದ್ದದ್ದು ಬೆಲ್ಟಿನ ಚಕ್ರಕ್ಕೆ, ಆಮೇಲೆ ಮಿಕ್ಕದ್ದಕ್ಕೆ. ಲೋಹದ ಮೇಲೆ ಒಣ ಕುಂಕುಮ ನಿಲ್ಲುವುದಿಲ್ಲವೆಂದು ಎಳ್ಳೆಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದರು. ನಾನೂ ಹಾಗೆಯೇ ಮಾಡುತ್ತಿದ್ದೆ. ನಮ್ಮ ಟವರಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಕನ್ನಡದ ನಾಲ್ಕು ಮನೆಯವರು ಸೇರಿ, ಕಾರುಗಳಿಗೆ ಚೆಂಡುಹೂವು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಕರ್ಪೂರ ಹಚ್ಚುತ್ತಿದ್ದೆವು. ಗಾರ್ಡು ಪ್ರತಿ ಸಲವೂ ಓಡಿ ಬಂದು, "ಆಂಟಿಜಿ, ಫೈರ್ ಅಲಾರ್ಮ್ ಬಜ್ ಜಾಯೇಗಾ" ಎಂದು ಗೋಳಾಡಿ, ಕಡೆಗೆ ಕೊಬ್ಬರಿ ಹೋಳು ಹಿಡಿದುಕೊಂಡು ಹೋಗುತ್ತಿದ್ದ. ನಾನು ಬಾನೆಟ್ ತೆಗೆಸಿ ಬ್ಯಾಟರಿಗೆ, ಏರ್ ಫಿಲ್ಟರಿನ ಮುಚ್ಚಳಕ್ಕೆ ಬೊಟ್ಟಿಟ್ಟು, ಕೈ ಚಾಚಿ ಪಕ್ಕದಲ್ಲಿರುವ ಸೂಪರ್‌ಚಾರ್ಜರಿನ ಪುಲ್ಲಿಗೆ ದೊಡ್ಡದೊಂದು, ಬೆಲ್ಟಿಗೆ ಸಾಲಾಗಿ ಚಿಕ್ಕವು ಇಡುತ್ತಿದ್ದೆ. ಇವರು ಕೈಕಟ್ಟಿಕೊಂಡು ನೋಡುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ.

ಆ ಸಂಜೆ ಮಾತ್ರ ತಪ್ಪದೆ ಒಂದು ಜಗಳವಾಗುತ್ತಿತ್ತು. ಮನೆ ತುಂಬ ಜನ, ನಾನು ಒಬ್ಬಟ್ಟು ಬೇಯಿಸುತ್ತಿರುತ್ತೇನೆ, ಇವರು ಬೀಗದ ಕೈ ತೆಗೆದುಕೊಂಡು "ಪೆಟ್ರೋಲ್ ಹಾಕಿಸ್ಕೊಂಡು ಬರ್ತೀನಿ" ಎಂದು ಹೊರಡುತ್ತಿದ್ದರು. ಪೂಜೆ ಮಾಡಿದ ದಿನ ಆಯುಧ ಮುಟ್ಟಬಾರದು, ಅದಕ್ಕೂ ಒಂದು ದಿನ ರಜೆ ಬೇಡವೇ ಎಂದು ನಾನು. ಪೆಟ್ರೋಲಿಗೆ ರಜೆ ಗಿಜೆ ಗೊತ್ತಿಲ್ಲ ಎಂದು ಅವರು. ಅರ್ಧ ಗಂಟೆಯಾದ ಮೇಲೆ ಬಂದು, ತಣ್ಣಗಾದ ಒಬ್ಬಟ್ಟಿಗೆ ತುಪ್ಪ ಸುರಿದುಕೊಂಡು ತಿನ್ನುತ್ತಿದ್ದರು.

ಅವರು ಹೋದದ್ದು ಮೇ ತಿಂಗಳಲ್ಲಿ, ಮಧ್ಯಾಹ್ನ. ಸಂಸ್ಥೆಯ ಲ್ಯಾಬಿನಲ್ಲಿ ಎದೆ ಹಿಡಿದುಕೊಂಡು ಕೂತರಂತೆ. ಆ ದಿನ ಅವರನ್ನು ನೋಡಲೆಂದು ಬಂದಿದ್ದ ವಿಜಯಪುರದ ಹುಡುಗನೇ ಅವರದೇ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟ. ಮಧ್ಯಾಹ್ನದ ಬಿಸಿಲು, ಮುಂದೆಲ್ಲ ವಾಹನಗಳ ಸಾಲು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಗಿದಿತ್ತು. ವಾರ ಕಳೆದ ಮೇಲೆ ಅವನು ನಮ್ಮ ಸೋಫಾದ ತುದಿಯಲ್ಲಿ ಕೂತು ಹೇಳಿದ. "ಗಾಡಿ ಸಿಗ್ನಲ್ಲಿಂದ ಸಿಗ್ನಲ್ಲಿಗೆ ತೆವಳ್ತಾ ಇತ್ತು ಮೇಡಂ. ಅಷ್ಟು ಬೂಸ್ಟ್ ಇಟ್ಕೊಂಡು ಏನು ಬಂತು? ಆವತ್ತು ಮುಳ್ಳು ಒಂದು ಸಲನೂ ಸೊನ್ನೆ ದಾಟಲಿಲ್ಲ." ನೀರು ತಂದುಕೊಟ್ಟೆ.

ಊರಿನಿಂದ ಬಂದವರಿಗೆ ನಾನು ಅಳಲಿಲ್ಲ ಅನ್ನುವುದೇ ದೊಡ್ಡ ಮಾತಾಯಿತು. ಗಟ್ಟಿಗಿತ್ತಿ ಎಂದರು ಕೆಲವರು, ಕಲ್ಲು ಎಂದರು ಕೆಲವರು, ಎರಡೂ ನನ್ನ ಕಿವಿಗೆ ಬಿತ್ತು. ನಾನು ಗಟ್ಟಿಯೂ ಅಲ್ಲ, ಕಲ್ಲೂ ಅಲ್ಲ. ದುಃಖ ಎಲ್ಲಿಂದ ಹೊರಗೆ ಬರಬೇಕೆಂದು ಅದಕ್ಕೇ ತಿಳಿಯದೆ ಎದೆಯಲ್ಲಿ ಕೂತಿತ್ತು. ಹೊರಡುವ ಮುನ್ನ ಹಿರಿಯರೊಬ್ಬರು ಕುಂಕುಮದ ಭರಣಿಯನ್ನು, ಇನ್ನು ಇದರ ಕೆಲಸವಿಲ್ಲವೆಂಬಂತೆ, ಕಪಾಟಿನ ಮೇಲಿನ ಅಂಕಣಕ್ಕೆ ಎತ್ತಿಟ್ಟು ಹೋದರು.

ಕಾರಿನದೂ ದಿನ ಮುಗಿಯುತ್ತ ಬಂದಿತ್ತು. ಇಲ್ಲಿ ಪೆಟ್ರೋಲ್ ಗಾಡಿಗೆ ಹದಿನೈದು ವರ್ಷ ಆಯುಸ್ಸು. ಆಮೇಲೆ ರಸ್ತೆಗೆ ತರುವಂತಿಲ್ಲ, ಗುಜರಿಗೆ ಹಾಕಬೇಕು, ಇಲ್ಲವೇ ಅಷ್ಟರೊಳಗೆ ಅಂಥ ಕಟ್ಟಳೆಯಿಲ್ಲದ ಊರಿಗೆ ಕಳಿಸಿಬಿಡಬೇಕು. ನಮ್ಮದಕ್ಕೆ ಜನವರಿಯಲ್ಲಿ ಹದಿನೈದು ತುಂಬುತ್ತಿತ್ತು. ಹುಡುಗನಿಗೆ ಪುಣೆಗೆ ವರ್ಗವಾಗಿತ್ತು. "ನಾನು ತಗೊಂಡು ಹೋಗ್ತೀನಿ ಮೇಡಂ. ಸರ್ ಹೇಗಿಟ್ಟಿದ್ರೋ ಹಾಗೇ ಇಟ್ಕೊಳ್ತೀನಿ" ಎಂದ. ನನಗೆ ಅಷ್ಟೇ ಬೇಕಿತ್ತು. ಅವರ ಕೈಕೆಲಸ ಎಲ್ಲೋ ಒಂದು ಕಡೆ ಓಡಾಡಿಕೊಂಡಿರಬೇಕು, ಯಾವ ಮಾಯಾಪುರಿಯಿಂದ ಬಂದಿತ್ತೋ ಅಲ್ಲಿಗೇ ಚೂರಾಗಲು ಹೋಗಬಾರದು.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಸಾವಾದ ವರ್ಷ ಹಬ್ಬವಿಲ್ಲ. ಮಗಳು ಮಾತ್ರ, "ಗಾಡಿಗೆ ಲಾಸ್ಟ್ ಪೂಜಾ ಅಮ್ಮಾ, ಪ್ಲೀಸ್. ಅಪ್ಪಾಗೆ ಬುರಾ ಲಗೇಗಾ, ಬೇಜಾರಾಗತ್ತೆ" ಎಂದು ಹಟ ಹಿಡಿದಳು. ಸ್ಟೂಲು ಹತ್ತಿ ಭರಣಿಯನ್ನು ಇಳಿಸಿದೆ. ಅಷ್ಟು ತಿಂಗಳ ನಂತರ ಕುಂಕುಮ ಮುಟ್ಟಿದ್ದು ಅದೇ ಮೊದಲು. ಹಣೆಗೆ ಇಟ್ಟುಕೊಳ್ಳಲಿಲ್ಲ. ಎಲ್ಲವನ್ನೂ ಎಣ್ಣೆಯಲ್ಲಿ ಕಲಸಿ ಗಾಡಿಗೆ ಇಟ್ಟೆ, ಪುಲ್ಲಿಗೆ ಮುಖ ತುಂಬುವಷ್ಟು, ಬೆಲ್ಟಿನ ಉದ್ದಕ್ಕೂ ಒತ್ತಾಗಿ. ಆ ಸಂಜೆ ಪೆಟ್ರೋಲ್ ಹಾಕಿಸಲು ಯಾರೂ ಹೋಗಲಿಲ್ಲ.

ನವೆಂಬರಿನ ಒಂದು ಭಾನುವಾರ, ಗಾಡಿ ಹೇಗಿದೆ ನೋಡೋಣವೆಂದು ಹುಡುಗ ಓಡಿಸಿದ. ನಾನು ನನ್ನ ಜಾಗದಲ್ಲಿ ಕೂತು ಓದಿದೆ. ಎರಡು, ಮೂರು, ನಾಲ್ಕು. ಇಂಜಿನ್ನಿನ ಸದ್ದು ಏರುತ್ತಲೇ ಇತ್ತು. ಮುಳ್ಳು ನಾಲ್ಕರಲ್ಲಿ ನಿಂತು, ಆಮೇಲೆ ಕೆಳಗೆ ಬಂತು. ಮತ್ತೊಮ್ಮೆ ನೋಡಿದರೂ ಅಷ್ಟೇ. ಅವನ ಮುಖ ಬಾಡಿಹೋಯಿತು. ಅವನಿಗೆ ಪರಿಚಯವಿದ್ದ ಗ್ಯಾರೇಜಿನವನು ಒಂದು ಸುತ್ತು ಓಡಿಸಿ ನೋಡಿ, ಇಂಜಿನ್ ಸುಸ್ತಾಗಿದೆ, ಹದಿನೈದು ವರ್ಷದ್ದಲ್ಲವೇ, ಗುಜರಿಗೆ ಕೊಡಿ ಎಂದ. ಆರು ಬೇಕೇ ಬೇಕೆಂದರೆ ಚಿಕ್ಕ ಪುಲ್ಲಿ, ಹೊಸ ಬೆಲ್ಟು ಹಾಕಿಕೊಡುತ್ತೇನೆ, ನಂಬರು ಬರುತ್ತದೆ, ಎಷ್ಟು ದಿನವೋ ಹೇಳಲಾರೆ ಎಂದೂ ಸೇರಿಸಿದ.

ಮನೆಗೆ ಬಂದ ಮೇಲೆ ಮಗಳು ಚಿಕ್ಕ ಪುಲ್ಲಿಯ ಕಡೆಗೇ ನಿಂತಳು. "ನಂಬರ್ ವಾಪಸ್ ಬರುತ್ತಲ್ಲಾ ಅಮ್ಮಾ. ಔರ್ ಕ್ಯಾ ಬೇಕು?"

"ನಿಮ್ಮಪ್ಪ ಬೇಡ ಅಂದಿದ್ದರು."

"ಅಪ್ಪ ಇಲ್ವಲ್ಲಾ" ಎಂದು ಕಿರುಚಿ, ತಾನೇ ಆಡಿದ್ದನ್ನು ಕೇಳಿಸಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವಳನ್ನು ಹಿಡಿದುಕೊಂಡು ಕೂತೆ. ಹುಡುಗ ನೆಲ ನೋಡುತ್ತ, "ಇಂಜಿನ್ ಹೋಗಿದ್ರೆ ಪುಣೆ ತನಕ ತಗೊಂಡು ಹೋಗೋಕಾಗಲ್ಲ ಮೇಡಂ" ಎಂದ. ಗುಜರಿಯವನಿಗೆ ಫೋನ್ ಮಾಡುವುದೊಂದೇ ಉಳಿದಿತ್ತು.

ಮಾರನೆಯ ದಿನ ಕಾಲೇಜಿಗೆ ರಜೆ ಹಾಕಿ ಚಹಾ ಹಿಡಿದುಕೊಂಡು ಬಾಲ್ಕನಿಯಲ್ಲಿ ಕೂತೆ. ಎದುರಿನ ಟವರು, ಸುತ್ತಲಿನ ಹೊಲಗಳಲ್ಲಿ ಕೂಳೆ ಸುಟ್ಟ ಹೊಗೆಯಲ್ಲಿ ಅರ್ಧ ಕಾಣುತ್ತಿರಲಿಲ್ಲ. ಶಾಲು ಹೊದ್ದುಕೊಂಡಾಗ ಹೊಳೆಯಿತು. ಚಳಿ ಬಿದ್ದರೆ ಗಾಳಿ ದಟ್ಟವಾಗುತ್ತದೆ, ಮುಳ್ಳು ಕೂದಲೆಳೆಯಷ್ಟು ಮೇಲೇ ಹೋಗುತ್ತದೆ ಎಂದು ಇವರು ಪ್ರತಿ ನವೆಂಬರಿನಲ್ಲೂ ಹಿಗ್ಗುತ್ತಿದ್ದರು. ಇದು ಇಳಿದಿದೆ. ಅದೂ ಮೊದಲಿನಿಂದ ಕಡಿಮೆಯಿಲ್ಲ, ನಾಲ್ಕರ ತನಕ ಚೆನ್ನಾಗಿಯೇ ಏರಿ, ಇಂಜಿನ್ ಜೋರಾದ ಮೇಲೆ ಇಳಿಯುತ್ತದೆ. ಇಂಜಿನ್ ಏರಿ ಮುಳ್ಳು ಇಳಿದರೆ ಏನರ್ಥ? ಅದನ್ನೂ ಹೇಳಿದ್ದರು, ನಾನು ಪರಂಗಿ ಹಣ್ಣು ಹೆಚ್ಚುತ್ತಿದ್ದಾಗ, ನಾನು ಕೇಳದಿದ್ದರೂ. "ಬೆಲ್ಟು ಜಾರ್ತಿದೆ ಅಂತಲೇ ಅರ್ಥ. ಮೊದಲು ಬೆಲ್ಟು ನೋಡಬೇಕು, ಆಮೇಲೆ ಇಂಜಿನ್ನಿಗೆ ಬಯ್ಯಬೇಕು."

ಮಗಳನ್ನು ಕರೆದುಕೊಂಡು ನೆಲಮಾಳಿಗೆಗೆ ಇಳಿದೆ. ಬಾನೆಟ್ ತೆಗೆದು ಮೊಬೈಲಿನ ಬೆಳಕು ಹಾಕಿ ಬಗ್ಗಿ ನೋಡಿದೆವು. ಬ್ಯಾಟರಿಯ ಮೇಲೆ, ಫಿಲ್ಟರಿನ ಮೇಲೆ ನನ್ನ ಬೊಟ್ಟುಗಳು ಹಾಗೇ ಇದ್ದವು. ಪುಲ್ಲಿಯದು ಇರಲಿಲ್ಲ. ಅದು ತಿರುಗುವ ರಭಸಕ್ಕೆ ಸುತ್ತಲೂ ಚದುರಿತ್ತು. ಬೆಲ್ಟಿನ ಗೀರುಗಳಲ್ಲೆಲ್ಲ ಕೆಂಪನೆಯ ಎಣ್ಣೆ ಕೂತು, ರಬ್ಬರು ಜಾರಿ ಜಾರಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸುಟ್ಟ ವಾಸನೆಯೂ ಇತ್ತು. ನವೆಂಬರಿನಲ್ಲಿ ಇಡೀ ಊರೇ ಸುಟ್ಟ ವಾಸನೆ ಹೊಡೆಯುವಾಗ ಯಾರಿಗೆ ಗೊತ್ತಾಗಬೇಕು?

"ಅಮ್ಮಾ, ಇದು ಕುಂಕುಮ" ಎಂದಳು ಮಗಳು.

ಒರೆಸಲು ಏನಾದರೂ ಸಿಗುತ್ತದೆಯೇ ಎಂದು ಡಿಕ್ಕಿ ತೆಗೆದೆ. ಸ್ಪ್ಯಾನರುಗಳ ಚೀಲದ ತಳದಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ, ಮಡಿಸಿಟ್ಟ ಬಟ್ಟೆಯೊಂದಿತ್ತು. ನನ್ನದೇ ಹಳೆಯ ನೂಲಿನ ಸೀರೆಯ ತುಂಡು, ಹಸಿರು ಅಂಚಿನದು, ಎಲ್ಲಿ ಹೋಯಿತೆಂದು ನಾನು ಮನೆಯೆಲ್ಲ ಹುಡುಕಿದ್ದು. ಬಿಡಿಸಿದರೆ ಪೂರ್ತಿ ಕೆಂಪು ಕಲೆ. ಕೆಲವು ಹಳೆಯವು, ಕಂದಾಗಿ ಒಣಗಿದ್ದವು. ಕೆಲವು ಅಷ್ಟು ಹಳೆಯವಲ್ಲ. ಮೂಗಿನ ಹತ್ತಿರ ಹಿಡಿದೆ, ಎಳ್ಳೆಣ್ಣೆ.

ಪ್ರತಿ ವರ್ಷವೂ ಒರೆಸಿದ್ದರು. ಪೆಟ್ರೋಲ್ ಹಾಕಿಸುತ್ತೇನೆಂದು ಹೋಗಿ, ನನಗೆ ಸುಲಭವಾಗಿ ಕಾಣುವ ಬೊಟ್ಟುಗಳನ್ನೆಲ್ಲ ಹಾಗೇ ಬಿಟ್ಟು, ಪುಲ್ಲಿಯದನ್ನೂ ಬೆಲ್ಟಿನದನ್ನೂ ಮಾತ್ರ ಒರೆಸಿ, ಬಂದು ನನ್ನಿಂದ ಬೈಸಿಕೊಂಡು, ತಣ್ಣನೆಯ ಒಬ್ಬಟ್ಟು ತಿಂದಿದ್ದರು. ಇಂಜಿನ್ನಿನ ವಿಷಯದಲ್ಲಿ ಮಗಳ ಮಾತನ್ನೂ ಕೇಳದ ಮನುಷ್ಯ, ಅಲ್ಲಿಗೆ ಎಣ್ಣೆ ಹಚ್ಚಬೇಡ ಎಂದು ನನಗೆ ಒಂದು ಸಲವೂ ಹೇಳಲಿಲ್ಲ. ಹೇಳಿದ್ದರೆ ನಾನು ಕೇಳುತ್ತಿದ್ದೆ. ನನ್ನ ತಂದೆಯ ಗಿರಣಿ ನೆನಪಾಗಿ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದೆ, ಅದೂ ನಿಜ. ಅಷ್ಟಕ್ಕಾಗಿ ಅವರು ಹೇಳಲಿಲ್ಲ. ಆ ಬಟ್ಟೆಯನ್ನು ಮುಖಕ್ಕೊತ್ತಿಕೊಂಡು, ಪಾರ್ಕಿಂಗಿನ ನೆಲದ ಮೇಲೆ ಕೂತು ಅತ್ತೆ. ಮೇ ತಿಂಗಳಿನಿಂದ ಬಾಗಿಲಲ್ಲಿ ನಿಂತದ್ದೆಲ್ಲ ಬಂತು. ಗಾರ್ಡು ಓಡಿ ಬಂದ. ಮಗಳು ಅವನಿಗೆ ಹಿಂದಿಯಲ್ಲಿ ಏನೋ ಹೇಳಿ ಕಳಿಸಿದಳು.

ಎಣ್ಣೆ ಕುಡಿದ ಬೆಲ್ಟು ಇನ್ನು ಉಪಯೋಗವಿಲ್ಲವೆಂದು ಹುಡುಗ ಕಶ್ಮೀರಿ ಗೇಟಿನ ಬಿಡಿಭಾಗಗಳ ಪೇಟೆಗೆ ಹೋಗಿ ಅದೇ ಅಳತೆಯ ಹೊಸದನ್ನು ತಂದ. ಪುಲ್ಲಿಯನ್ನು ತೊಳೆದು, ಹಳೆಯದನ್ನೇ ಉಳಿಸಿದೆವು. ಅವನು ಬೆಲ್ಟು ಬಿಗಿಮಾಡುತ್ತ ಮೆಲ್ಲಗೆ, "ಚಿಕ್ಕ ಪುಲ್ಲಿ ಹಾಕ್ಸಿದ್ರೆ ಹೊಸ ಬೆಲ್ಟಿಗೆ ಸೀದಾ ಒಂಬತ್ತಕ್ಕೆ ಹೋಗ್ತಿತ್ತು ಮೇಡಂ. ಪುಣೆ ಮುಟ್ಟೋ ಮುಂಚೆನೇ ಪಿಸ್ಟನ್ ಹೋಗಿರೋದು" ಎಂದ.

ಮುಂದಿನ ಭಾನುವಾರ ಮಗಳು ಓಡಿಸಿದಳು. ರಸ್ತೆಯ ಎರಡೂ ಬದಿಯ ಜಾಲಿ ಮರಗಳು ಮಂಜಿನಲ್ಲಿದ್ದವು. ಬಿಸಿಲೇರಿ ದಾರಿ ಕಾಣುವ ತನಕ ಕಾದು, ಅವಳು ಕಾಲು ಒತ್ತಿದಳು. "ಎರಡು" ಎಂದೆ. "ಮೂರು. ನಾಲ್ಕು. ಐದು." ಮುಳ್ಳು ಎಲ್ಲೂ ನಿಲ್ಲದೆ ಏರಿತು. ಆರು ಬಂದದ್ದು ಕಂಡಿತು, ಬಾಯಿ ಬರಲಿಲ್ಲ. ಮಗಳು ನನ್ನ ಕಡೆ ತಿರುಗದೆ, ತನ್ನಷ್ಟಕ್ಕೆ ತಾನೇ "ಆರು" ಎಂದು ಕಾಲು ತೆಗೆದಳು. ಅವಳು ಸಂಖ್ಯೆಗಳನ್ನು ಕನ್ನಡದಲ್ಲಿ ಹೇಳಿದ್ದು ನಾನು ಎಂದೂ ಕೇಳಿರಲಿಲ್ಲ.

ಗಾಡಿ ಸರಿಯಾಯಿತು, ಆದ್ದರಿಂದ ಹೊರಟಿತು. ಡಿಸೆಂಬರಿನ ಕೊನೆಗೆ, ಕಾಗದ ಪತ್ರಗಳೆಲ್ಲ ಮುಗಿದ ಮೇಲೆ, ಹುಡುಗ ತನ್ನ ಸಾಮಾನು ತುಂಬಿಕೊಂಡು ಬಂದ. ನಿಂಬೆಹಣ್ಣನ್ನು ಅವನೇ ತಂದಿದ್ದ. "ಸರ್ ಇದ್ದಿದ್ರೆ ಹಾಗೇ ಕಳಿಸ್ತಿರಲಿಲ್ಲ ಮೇಡಂ" ಎಂದ. ನಾನು ಭರಣಿಯನ್ನು ತಂದು ಎಣ್ಣೆಯಲ್ಲಿ ಕುಂಕುಮ ಕಲಸಿದೆ. ಬ್ಯಾಟರಿಗೆ ಇಟ್ಟೆ, ಮುಚ್ಚಳಕ್ಕೆ ಇಟ್ಟೆ, ಆಮೇಲೆ ಕೈ ಚಾಚಿ ಪುಲ್ಲಿಗೂ ಒಂದು ಬೊಟ್ಟಿಟ್ಟೆ. "ಅಮ್ಮಾ, ನಹೀ!" ಎಂದು ಮಗಳು ಕೈ ಹಿಡಿಯಲು ಬಂದಳು. ಇರಲಿ ಎಂದೆ. ಒಂದು ಗಳಿಗೆ ಅದನ್ನು ನೋಡಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸೀರೆಯ ತುಂಡನ್ನು ತೆಗೆದು ನಾನೇ ಒರೆಸಿದೆ. ಈ ಸಲ ಇಟ್ಟದ್ದೂ ನಾನೇ, ಒರೆಸಿದ್ದೂ ನಾನೇ.

ಕಾರು ಇಳಿಜಾರು ಹತ್ತಿ ಗೇಟಿನ ಕಡೆ ಹೋಯಿತು. ಸೂಪರ್‌ಚಾರ್ಜರಿನ ಸಣ್ಣ ಸಿಳ್ಳು ಸ್ವಲ್ಪ ಹೊತ್ತು ಕೇಳಿಸಿತು. ಖಾಲಿ ಜಾಗದಲ್ಲಿ ಬಟ್ಟೆ ಹಿಡಿದು ನಿಂತಿದ್ದಾಗ ನನಗೆ ಬಂದದ್ದು ಒಂದೇ ಯೋಚನೆ. ಒರೆಸಲು ಒಂದೆರಡು ನಿಮಿಷ ಸಾಕಾಯಿತು. ಬಂಕು ನಮ್ಮ ಗೇಟಿನ ಎದುರಿಗೇ ಇದೆ. ಅವರು ಅರ್ಧ ಗಂಟೆ ಹೊರಗಿರುತ್ತಿದ್ದರು. ಉಳಿದ ಹೊತ್ತು ಏನು ಮಾಡುತ್ತಿದ್ದರು? ಒಂದು ಸಲವೂ ನಾನು ಕೇಳಲಿಲ್ಲ, ಒಬ್ಬಟ್ಟು ತಣ್ಣಗಾಯಿತೆಂದು ಬೈದೆ, ಅಷ್ಟೇ.